ದೆವ್ವ ಬಾರದ ಕಥೆ

ಅಡುಗೆ, ಜ್ಯೋತಿಷ್ಯ, ಸಾಮಾನ್ಯ ಜ್ಞಾನದ ಪುಸ್ತಕಗಳನ್ನು ಹಾಕಿಕೊಂಡು ನೆಮ್ಮದಿಯಾಗಿದ್ದ ನಮ್ಮ ಪ್ರಕಾಶಕರು ತೊಂಬತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ ನನ್ನನ್ನು ಮೇಜಿನ ಹತ್ತಿರ ಕರೆದರು.

"ಮೇಡಂ, ಒಂದು ದೆವ್ವದ ಕಥೆಗಳ ಸಂಕಲನ ಮಾಡೋಣ. ರೈಲ್ವೆ ಸ್ಟೇಷನ್ ಅಂಗಡಿಯವ್ರು ಕೇಳ್ತಾನೇ ಇದಾರೆ. ಓದಿದವ್ರು ಬಚ್ಚಲುಮನೆಗೆ ಒಬ್ರೇ ಹೋಗ್ಬಾರ್ದು, ಹಂಗಿರ್ಬೇಕು."

ಕಚೇರಿ ಶಿವಾಜಿನಗರದಲ್ಲಿ, ಬಸ್ ನಿಲ್ದಾಣದ ಹಿಂದಿನ ಗಲ್ಲಿಯೊಂದರ ಬೈಂಡಿಂಗ್ ಅಂಗಡಿಯ ಮೇಲಿತ್ತು. ಬೆಳಗಿನಿಂದ ಸಂಜೆಯವರೆಗೂ ಕೆಳಗಿನಿಂದ ಅಂಟಿನ ವಾಸನೆ ಬರುತ್ತಿತ್ತು. ಅಲ್ಲಿ ಕಥೆ ಆರಿಸುವವಳು, ತಿದ್ದುವವಳು, ಕರಡು ನೋಡುವವಳು, ಪುಟ ಕಟ್ಟಿಸುವವಳು ಎಲ್ಲ ನಾನೊಬ್ಬಳೇ. ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸುವ ಡಿಟಿಪಿ ಕೆಲಸಕ್ಕೆ ಹಲಸೂರಿನ ಒಬ್ಬ ಹೆಂಗಸಿದ್ದರು. ಮನೆಯಲ್ಲಿ ತಮಿಳು, ಕಚೇರಿಯಲ್ಲಿ ಕನ್ನಡ. ಏನು ಟೈಪ್ ಮಾಡುತ್ತಿದ್ದೇನೆಂದು ನೋಡದೆ ಸಿನಿಮಾ ಮಾತಾಡುತ್ತಲೇ ಪುಟಗಟ್ಟಲೆ ಹೊಡೆದು ಹಾಕುತ್ತಿದ್ದರು.

ನಮ್ಮ ಪುಸ್ತಕಗಳ ಹಿಂಬದಿಯಲ್ಲಿ ಕಥೆ ಕಳಿಸಿ ಎಂದು ಪ್ರಕಟಣೆ ಹಾಕಿದೆವು. ಅಂಚೆಯಲ್ಲಿ ಚೀಲಗಟ್ಟಲೆ ಬಂದವು. ಬಹುಪಾಲು ಬಿಳಿ ಸೀರೆ, ಗೆಜ್ಜೆ ಸದ್ದು, ಹಿಂದುಮುಂದಾದ ಪಾದ. ಕೊನೆಗೆ "ಅವಳು ಸತ್ತು ಹತ್ತು ವರ್ಷ ಆಯಿತಲ್ಲ ಸ್ವಾಮಿ" ಎನ್ನುವ ಒಬ್ಬ ಚಹಾ ಅಂಗಡಿಯವನು. ಅವನ್ನೆಲ್ಲ ಪಕ್ಕಕ್ಕಿಟ್ಟೆ. ನನಗೆ ಬೇಕಿದ್ದದ್ದು, ಓದಿ ಮುಗಿಸಿದ ಮೇಲೂ ಮನೆಯ ಯಾವುದೋ ಒಂದು ಮಾಮೂಲಿ ವಸ್ತುವಿನ ಮೇಲೆ ಅನುಮಾನ ಉಳಿಸುವ ಕಥೆ. ಅಂಥವು ಕೆಲವು ಸಿಕ್ಕವು. ಒಂದರಲ್ಲಿ ದರ್ಜಿಯೊಬ್ಬನ ಹತ್ತಿರ ಒಬ್ಬ ಗಿರಾಕಿ ಹಬ್ಬಹಬ್ಬಕ್ಕೂ ಬಟ್ಟೆ ಹೊಲಿಸಲು ಬರುತ್ತಾನೆ. ಪ್ರತಿ ಸಲ ಅಳತೆ ಒಂದಿಷ್ಟು ಕಮ್ಮಿ. ಮುಖ ಅದೇ, ನಗು ಅದೇ, ಆಳು ಮಾತ್ರ ಕುಗ್ಗುತ್ತಿದ್ದಾನೆ. ಕೊನೆಗೆ ದರ್ಜಿಯ ಹೆಂಡತಿ ಗಂಡನನ್ನು ನೋಡಿ, ನಿಮ್ಮ ಪೈಜಾಮ ಯಾಕೆ ನೆಲ ಒರೆಸುತ್ತಿದೆ ಎಂದು ಕೇಳುತ್ತಾಳೆ. ಇನ್ನೊಂದರಲ್ಲಿ ರಿಚರ್ಡ್ಸ್ ಟೌನಿನ ಹಳೇ ಬಂಗಲೆಯನ್ನು ಬಾಡಿಗೆಗೆ ಹಿಡಿದ ಸಂಸಾರ ಊಟಕ್ಕೆ ಕೂತಾಗಲೆಲ್ಲ ಒಂದು ತಟ್ಟೆ ಹೆಚ್ಚಿಗೆ ಹಾಕುತ್ತದೆ. ಯಾರೂ ಯಾಕೆಂದು ಕೇಳುವುದಿಲ್ಲ.

ಇಂಥ ಕಥೆಗಳನ್ನು ತಿದ್ದುವಾಗ ನಾನು ಮೊದಲು ಹೊಡೆದು ಹಾಕುತ್ತಿದ್ದದ್ದು "ಭಯಾನಕ", "ಭೀಕರ", "ಇದ್ದಕ್ಕಿದ್ದಂತೆ" ಎಂಬ ಮಾತುಗಳನ್ನು. ಆಮೇಲೆ ಪುಟ ಕಟ್ಟುವ ಕೆಲಸ. ಬೆಚ್ಚಿಬೀಳಿಸುವ ವಾಕ್ಯ ಓದುಗನ ಕಣ್ಣಿಗೆ ಮೊದಲೇ ಬೀಳಬಾರದು. ಅದು ಹಾಳೆ ಮಗುಚಿದ ಮೇಲೆ ಎಡಪುಟದ ತಲೆಯಲ್ಲಿ ಸಿಗಬೇಕು. ಅದಕ್ಕಾಗಿ ಒಂದು ಕಡೆ ಎರಡು ಸಾಲು ಕಿತ್ತು, ಇನ್ನೊಂದು ಕಡೆ ಒಂದು ಪ್ಯಾರಾ ಒಡೆದು, ಪ್ರತಿ ಕಥೆಯಲ್ಲೂ ಆ ಒಂದು ಸಾಲನ್ನು ಅದರ ಜಾಗಕ್ಕೆ ತಂದು ಕೂರಿಸುತ್ತಿದ್ದೆ. ಇಡೀ ಬೇಸಿಗೆ ಅದರಲ್ಲೇ ಹೋಯಿತು. ಕೆಲಸ ಮಾಡುವ ಖುಷಿ ಏನೆಂದು ನನಗೆ ಗೊತ್ತಾದದ್ದು ಆ ತಿಂಗಳುಗಳಲ್ಲಿ.

ಆ ಕಥೆ ಬಂದದ್ದು ಸಂಕಲನ ಮುಕ್ಕಾಲು ಭಾಗ ಸಿದ್ಧವಾದ ಮೇಲೆ. ಕಳಿಸಿದವರು ಜೀವನ್ ಬಿಮಾ ನಗರದ ಒಬ್ಬ ಶಾಲಾ ಶಿಕ್ಷಕಿ. ಹಿಂದೆ ಏನೂ ಬರೆದವರಲ್ಲ.

ಕಥೆ ಇಷ್ಟೇ. ಒಂದು ಹಳ್ಳಿಮನೆ, ಹಿತ್ತಲಲ್ಲಿ ಬಾವಿ. ಸೊಸೆ ಆ ಬಾವಿಯಲ್ಲಿ ಸತ್ತಿದ್ದಾಳೆ. ಹೇಗೆ ಸತ್ತಳೆಂದು ಮನೆಯವರಿಗೆಲ್ಲ ಗೊತ್ತು. ಊರಿಗೆ ಮಾತ್ರ, ಬಾವಿಯಲ್ಲಿದ್ದ ಪಿಶಾಚಿ ಅವಳನ್ನು ಮೆಟ್ಟಿಕೊಂಡು ಎಳೆದುಕೊಂಡಿತು ಎಂದು ಹೇಳಿದ್ದಾರೆ. ತಿಥಿ ಮುಗಿದ ಮೇಲೆ ಅವರಿಗೆ ನಿಜವಾದ ಭಯ ಹಿಡಿಯುತ್ತದೆ: ಅವಳು ಬರುತ್ತಾಳೆ. ಹಿತ್ತಲ ಬಾಗಿಲಿಗೆ ಸರಪಳಿ ಹಾಕುತ್ತಾರೆ. ಅಮಾವಾಸ್ಯೆಗೆ ಬಾವಿಕಟ್ಟೆಯ ಮೇಲೆ ಎಡೆ ಇಡುತ್ತಾರೆ. ರಾಟೆ ಕಿರ್ ಎಂದರೆ ಅತ್ತೆ ಎದ್ದು ಕೂರುತ್ತಾಳೆ. ಗಂಡ ಗೋಡೆಯ ಕಡೆ ಮುಖ ಮಾಡಿ ಮಲಗುತ್ತಾನೆ. ಓದುವ ನಮಗೂ ಈಗ ಬಂದಳು, ಈಗ ಬಂದಳು ಎನಿಸುತ್ತದೆ. ಅವಳು ಬರುವುದಿಲ್ಲ. ಒಂದು ಅಮಾವಾಸ್ಯೆ ಎಡೆ ಇಡುವುದು ಮರೆತುಹೋಗುತ್ತದೆ. ಏನೂ ಆಗುವುದಿಲ್ಲ. ಸರಪಳಿ ತೆಗೆಯುತ್ತಾರೆ. ಬಾವಿಕಟ್ಟೆಯ ಮೇಲೆ ಹಪ್ಪಳ ಒಣಹಾಕುತ್ತಾರೆ. ಬೀದಿ ನಲ್ಲಿ ನಿಂತುಹೋದ ಒಂದು ಬೆಳಿಗ್ಗೆ ಅತ್ತೆ ಕೊಡ ಇಳಿಸಿ ನೀರು ಸೇದಿ, ಬೊಗಸೆಯಲ್ಲಿ ಹಿಡಿದು ಕುಡಿಯುತ್ತಾಳೆ. "ನೀರು ಸಿಹಿಯಾಗಿತ್ತು" ಎಂಬಲ್ಲಿಗೆ ಕಥೆ ಮುಗಿಯುತ್ತದೆ.

ನಾನದನ್ನು ಹಾಡುಹಗಲು, ಕೆಳಗೆ ಗಾಡಿಯವರ ಕೂಗಾಟದ ನಡುವೆ ಓದಿದೆ. ಓದಿ ಮುಗಿಸಿ ಮೇಜಿನ ಮೇಲಿದ್ದ ನೀರಿನ ಲೋಟ ಎತ್ತಿಕೊಂಡವಳು ಕುಡಿಯದೆ ಕೆಳಗಿಟ್ಟೆ. ಮಾರನೆಯ ದಿನ ಡಿಟಿಪಿಯ ಹೆಂಗಸು ಟೈಪ್ ಮಾಡುತ್ತಿದ್ದಾಗ ಅವರ ಬೆರಳು ನಿಂತವು. "ಮೇಡಂ, ಇವ್ರು ಕೊನೇವರ್ಗೂ ಚೆನ್ನಾಗೇ ಇರ್ತಾರಾ?" ಎಂದು ಕೇಳಿದರು.

"ಹೂಂ."

"ಥೂ," ಎಂದು ಮತ್ತೆ ಟೈಪ್ ಮಾಡತೊಡಗಿದರು.

ಪ್ರಕಾಶಕರು ಓದಿದರು. "ಚೆನ್ನಾಗಿದೆ. ದೆವ್ವ ಎಲ್ಲಿ?"

"ಬರಲ್ಲ ಸರ್. ಅದೇ ಕಥೆ."

"ದೆವ್ವ ಬರ್ದೇ ಇದ್ರೆ ಅದು ಹೆಂಗೆ ಮೇಡಂ ದೆವ್ವದ ಕಥೆ? ಬಿರಿಯಾನಿ ಅಂತ ಬೋರ್ಡ್ ಹಾಕಿ ಬರೀ ಅನ್ನ ಬಡಿಸ್ದಂಗೆ. ಆಯಮ್ಮನ್ನ ನೋಡಿ, ಕೊನೆ ಬದಲಾಯಿಸ್ಕೊಂಡು ಬನ್ನಿ."

ಹೋದೆ. ಬಾಗಿಲು ತೆಗೆದವರು ಅವರ ಗಂಡ, ವಿಮಾ ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. "ಕಥೆಗೆ ಮೊದಲ್ನೇ ಓದುಗ ನಾನೇ ಮೇಡಂ," ಎಂದು ಸಂಕೋಚದಿಂದ ನಕ್ಕು, ನಮ್ಮನ್ನು ಮಾತಾಡಲು ಬಿಟ್ಟು ಅಡುಗೆಮನೆಗೆ ಹೋದರು. ಶಿಕ್ಷಕಿ ನನ್ನ ವಯಸ್ಸಿನವರೇ. ಸಪೂರ ಮೈ, ಸೆರಗು ಬಿಗಿಯಾಗಿ ಸುತ್ತಿಕೊಂಡಿದ್ದರು.

"ಕೊನೆ ಸ್ವಲ್ಪ ಬದಲಾಯಿಸ್ಬಹುದಾ ಅಂತ ಪ್ರಕಾಶಕರು ಕೇಳ್ತಿದಾರೆ," ಎಂದೆ.

"ಏನಂತ?"

"ಅವಳು ವಾಪಸ್ ಬರೋ ಹಾಗೆ."

ಅಷ್ಟರಲ್ಲಿ ಮನೆಯ ಮೇಲೆಯೇ ವಿಮಾನವೊಂದು ಇಳಿಯತೊಡಗಿತು. ವಿಮಾನ ನಿಲ್ದಾಣ ಹತ್ತಿರವಿದ್ದುದರಿಂದ ಅಲ್ಲಿಯವರಿಗೆ ಅದು ಅಭ್ಯಾಸ. ಸದ್ದು ಮುಗಿಯುವ ತನಕ ಅವರು ಮಡಿಲಲ್ಲಿ ಕೈಯಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದರು.

"ಅವಳು ನಮ್ಮಕ್ಕ ಮೇಡಂ," ಎಂದರು.

ಅವರ ತವರು ಕೆ.ಆರ್. ಪುರದ ಕಡೆಯ ರೈತರ ಮನೆ. ಅಕ್ಕನನ್ನು ದೊಡ್ಡನೆಕ್ಕುಂದಿಯ ಹತ್ತಿರದ ಒಂದು ಹೊಲಮನೆಯ ಸಂಬಂಧಕ್ಕೆ ಕೊಟ್ಟಿದ್ದರು. ಮೈಮೇಲೆ ಬಾಸುಂಡೆ ಹೊತ್ತು ಅಕ್ಕ ತವರಿಗೆ ಬಂದಿದ್ದಳು. ಅಪ್ಪ ಬುದ್ಧಿ ಹೇಳಿ ವಾಪಸ್ ಬಿಟ್ಟು ಬಂದ. ಆಮೇಲೆ ಬಾವಿಯ ಸುದ್ದಿಯೇ ಬಂತು.

"ಅವಳಿಗೆ ಮೆಟ್ಕೊಂಡಿತ್ತು, ಬಾವೀಲಿರೋದು ಕರೀತಿತ್ತು ಅಂತ ಭಾವ ಪೊಲೀಸ್ನೋರಿಗೆ ಬರೆಸಿದ. ಅಕ್ಕಪಕ್ಕದವ್ರು ಹೌದು ಅಂದ್ರು. ನಮ್ಮಪ್ಪಾನೂ ಹೌದು ಅಂದ್ಬಿಟ್ಟ. ಹಂಗಂದ್ಕೊಂಡ್ರೆ ಅವನಿಗೂ ನಿದ್ದೆ ಬರ್ತಿತ್ತು. ನಾನು ಚಿಕ್ಕೋಳು. ಅಕ್ಕ ದೆವ್ವ ಆಗಿ ಬಂದು ಅವರನ್ನೆಲ್ಲ ಹೆದರಿಸ್ತಾಳೆ ಅಂತ ಕಾಯ್ತಿದ್ದೆ. ಬರ್ಲೇ ಇಲ್ಲ. ಅವ್ರು ಚೆನ್ನಾಗೇ ಇದಾರೆ."

ಆಮೇಲೆ ನನ್ನ ಕಡೆ ಬಾಗಿ, "ಬೇರೆ ಏನ್ ಬೇಕಾದ್ರೂ ತಿದ್ದಿ. ದೆವ್ವ ಮಾತ್ರ ಹಾಕ್ಬೇಡಿ ಮೇಡಂ. ಹಾಕಿದ್ರೆ ಅದು ಅವ್ರ ಕಥೆ ಆಗ್ಬಿಡುತ್ತೆ," ಎಂದರು.

ಹಾಕುವುದಿಲ್ಲ ಎಂದು ಮಾತು ಕೊಟ್ಟು ಬಂದೆ. ಅಕ್ಕನ ವಿಷಯ ತಿಳಿಸಿ ಪ್ರಕಾಶಕರ ಜೊತೆ ಒಂದು ವಾರ ಜಗ್ಗಾಡಿದೆ. ಎಲ್ಲ ಕಥೆಯಲ್ಲೂ ದೆವ್ವ ಬಂದರೆ ಓದುಗ ಕಾಯುವುದನ್ನು ಬಿಡುತ್ತಾನೆ, ನಡುವೆ ಒಂದರಲ್ಲಿ ಬಾರದೆ ಹೋದರೆ ಉಳಿದವು ಇನ್ನಷ್ಟು ಹೆದರಿಸುತ್ತವೆ ಎಂದು ವ್ಯಾಪಾರದ ಮಾತಿನಲ್ಲೇ ಹೇಳಿದೆ. "ಆಯ್ತು, ನಿಮ್ಮಿಷ್ಟ," ಎಂದರು. ಶಿಕ್ಷಕಿ ಕಚೇರಿಗೆ ಬಂದು ಕರಡು ಓದಿ, ಒಂದೆರಡು ಅಕ್ಷರ ತಿದ್ದಿ, ಕೊನೆಯ ಪುಟದ ಕೆಳಗೆ ಸಹಿ ಹಾಕಿದರು. ಹೋಗುವಾಗ ಡಿಟಿಪಿಯ ಹೆಂಗಸಿಗೆ ಕೈಮುಗಿದು ಹೋದರು.

ಅದಾದ ಮೇಲೆ ನನ್ನ ತಾಯಿಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಕೆಲವು ದಿನ ರಜೆ ಹಾಕಿದೆ.

ವಾಪಸ್ ಬಂದಾಗ ಪುಸ್ತಕದ ಮೊದಲರ್ಧ ಆಗಲೇ ಪ್ರೆಸ್ಸಿಗೆ ಹೋಗಿ ಅಚ್ಚಿನ ಪ್ಲೇಟ್ ಆಗಿತ್ತು. ಪ್ಲೇಟ್ ಮಾಡಲು ಪುಟಗಳನ್ನು ತೆಗೆದ, ಉಳಿದರ್ಧದ ಬಟರ್ ಪೇಪರ್ ಹಾಳೆಗಳು ನನ್ನ ಮೇಜಿನ ಮೇಲಿದ್ದವು. ಅಭ್ಯಾಸದಂತೆ ತಿರುವಿ ನೋಡಿದೆ. ರಿಚರ್ಡ್ಸ್ ಟೌನಿನ ಕಥೆಯಲ್ಲಿ ಎಡಪುಟದ ತಲೆಯಲ್ಲಿರಬೇಕಾಗಿದ್ದ ಸಾಲು ಬಲಪುಟದಲ್ಲಿತ್ತು. ಮುಂದಿನ ಕಥೆಯಲ್ಲೂ ಹಾಗೇ. ಅದರ ಮುಂದಿನದರಲ್ಲೂ. ಇಡೀ ಬೇಸಿಗೆ ಒಂದೊಂದಾಗಿ ಕೂರಿಸಿದ ಸಾಲುಗಳೆಲ್ಲ ಒಂದು ಪುಟ ಜಾರಿದ್ದವು. ಎಲ್ಲೋ ಹಿಂದೆ ಒಂದು ಪುಟ ಹೆಚ್ಚಾಗಿತ್ತು.

"ಏನ್ ಸೇರ್ಸಿದ್ರಿ?" ಎಂದು ಡಿಟಿಪಿಯ ಹೆಂಗಸನ್ನು ಕೇಳಿದೆ. ಅವರು ತಲೆಯೆತ್ತಲಿಲ್ಲ. "ಸಾರ್ ಕೊಟ್ರು ಮೇಡಂ. ನಾನ್ ಏನ್ ಮಾಡ್ಲಿ?" ಎಂದು ಒಂದು ಪ್ರಿಂಟ್ ತೆಗೆದುಕೊಟ್ಟರು.

ಬಾವಿಯ ಕಥೆಗೆ ಹೊಸ ಕೊನೆ ಬಂದಿತ್ತು. ವಾರಪತ್ರಿಕೆಗಳಿಗೆ ಧಾರಾವಾಹಿ ಬರೆಯುವ ಪರಿಚಿತರೊಬ್ಬರಿಂದ ಪ್ರಕಾಶಕರು ಬರೆಸಿದ್ದರು. ಅತ್ತೆ ಕೊಡ ಇಳಿಸುತ್ತಾಳೆ, ಒಳಗಿನಿಂದ ಒದ್ದೆ ಕೂದಲು, ಒಂದು ಕೈ. ಅತ್ತೆ ಕಿರುಚುತ್ತಾ ನೀರಿಗೆ ಬೀಳುತ್ತಾಳೆ. ಆಮೇಲೆ ಊರಿನ ಮುದುಕನೊಬ್ಬ ಬಂದು, ಆ ಬಾವಿಯಲ್ಲಿ ತಲೆತಲಾಂತರದಿಂದ ಒಂದು ಪಿಶಾಚಿ ಇದೆಯೆಂದೂ, ಬಡಪಾಯಿ ಸೊಸೆಯನ್ನು ಮೆಟ್ಟಿಕೊಂಡು ಎಳೆದದ್ದೂ ಅದೇ ಎಂದೂ ವಿವರಿಸುತ್ತಾನೆ. ಗಂಡ ನಿರಪರಾಧಿ, ಬಾವಿಕಟ್ಟೆಯ ಮೇಲೆ ತಲೆಯಿಟ್ಟು ಅಳುತ್ತಾನೆ. ಭಾವ ಪೊಲೀಸರಿಗೆ ಬರೆಸಿದ್ದೇ ಅಕ್ಷರ ಬಿಡದೆ ಬಂದಂತಿತ್ತು. ಕೆಳಗೆ ತಂಗಿಯ ಹೆಸರು.

ಪ್ರಕಾಶಕರ ಕೋಣೆಗೆ ಹೋದೆ. "ಅವ್ರು ಸಹಿ ಹಾಕಿದ್ದು ಇದಕ್ಕಲ್ಲ ಸರ್."

"ಕಥೆ ಕೊಟ್ಮೇಲೆ ಒಂಚೂರು ಹೆಚ್ಚುಕಮ್ಮಿ ಮಾಡೋದು ಸಂಪಾದಕರ ಹಕ್ಕು."

"ಸಂಪಾದಕಿ ನಾನು."

"ಕಂಪನಿ ನಂದು." ದನಿ ಏರಿಸಲಿಲ್ಲ. "ನೋಡಿ ಮೇಡಂ, ಎಂಥ ಮಹಾ ಅನ್ಯಾಯ ಆಗಿದೆ ಈಗ? ಅವರಕ್ಕನ್ನ ಒಳ್ಳೇವಳು ಅಂತಾನೇ ಬರ್ಸಿದೀನಿ. ಆ ಅತ್ತೆಗೂ ಶಿಕ್ಷೆ ಆಯ್ತು. ಓದೋರ್ಗೂ ಸಮಾಧಾನ. ಮಧ್ಯಾಹ್ನ ಮಿಷಿನ್‌ಗೆ ಹೋಗುತ್ತೆ. ಬಿಡಿ."

ನಾನು ಆಟೋ ಹತ್ತಿ ಶಿಕ್ಷಕಿಯ ಶಾಲೆಗೆ ಹೋದೆ. ಊಟದ ಬಿಡುವಿನ ಹೊತ್ತು. ಅವರು ಹಾಳೆಯನ್ನು ನಿಂತಲ್ಲೇ ಓದಿದರು. ಎರಡನೇ ಸಲ ಓದಿದರು.

"ತೆಗೆದ್ಬಿಡಿ ಮೇಡಂ."

"ಪೂರ್ತಿ ಕಥೇನೇ ತೆಗೀಬೇಕಾಗುತ್ತೆ. ನಿಮ್ಮ ಕೊನೆ ಇಟ್ಟು ಹಾಕೋಕೆ ಅವ್ರು ಬಿಡಲ್ಲ. ತೆಗೆದ್ರೆ ಇನ್ನೆಲ್ಲೂ ಬರದೇ ಹೋಗ್ಬಹುದು."

"ಬರ್ದಿದ್ರೆ ಬೇಡ. ನಮ್ಮಕ್ಕನ ಮೇಲೆ ನನ್ ಕೈಲೇ ಸುಳ್ಳು ಸಾಕ್ಷಿ ಹೇಳಿಸ್ತಿದಾರಲ್ಲ." ಹಾಳೆಯನ್ನು ನಾಲ್ಕಾಗಿ ಮಡಚಿ ನನ್ನ ಕೈಗೆ ಕೊಟ್ಟರು. ಗಂಟೆ ಹೊಡೆಯಿತು, ಕ್ಲಾಸಿಗೆ ಹೋದರು.

ವಾಪಸ್ ಬರುವ ದಾರಿಯಲ್ಲಿ ಯೋಚನೆ ಮಾಡಲು ಬಹಳವೇನೂ ಇರಲಿಲ್ಲ. ಪ್ರಕಾಶಕರನ್ನು ಇನ್ನೊಮ್ಮೆ ಕೇಳಿದರೆ ಇಲ್ಲ ಎನ್ನುತ್ತಾರೆ. ಕೇಳದೆ ಮಾಡಿದರೆ ಕೆಲಸ ಹೋಗುತ್ತದೆ. ಆಟೋದವನಿಗೆ ಕಚೇರಿಯ ಬದಲು ಪ್ರೆಸ್ಸಿನ ಗಲ್ಲಿಗೆ ತಿರುಗಿಸಲು ಹೇಳಿದೆ.

ಪ್ರೆಸ್ಸಿನ ಯಜಮಾನರು ಶಿವಾಜಿನಗರದವರೇ. ಆಳುಗಳ ಜೊತೆ ದಖನಿ ಉರ್ದುವಿನಲ್ಲಿ ಮಾತಾಡುತ್ತಿದ್ದವರು ನನ್ನನ್ನು ಕಂಡು ಕನ್ನಡಕ್ಕೆ ಬಂದರು. ಮಿಷಿನ್ನಿಗೆ ಪ್ಲೇಟ್ ಬಿಗಿಯುವ ಹೊತ್ತಾಗಿತ್ತು.

"ನಿಲ್ಸಿ ಅಂದ್ರೆ ನಿಲ್ಲಿಸ್ತೀನಿ ಮೇಡಂ. ಆದ್ರೆ ಬರ್ದು ಸೈನ್ ಮಾಡಿ ಕೊಡಿ. ನಾಳೆ ನಿಮ್ಮ ಸೇಠ್ ಬಂದು ನನ್ ಮೇಲೆ ಕೂಗಾಡ್ಬಾರ್ದು."

ಬರೆದುಕೊಟ್ಟೆ.

ನಿಲ್ಲಿಸಿದರೆ ಮುಗಿಯಲಿಲ್ಲ. ಒಂದೊಂದು ಪ್ಲೇಟಿನಲ್ಲಿ ಎಂಟೆಂಟು ಪುಟ ಕೂತಿರುತ್ತವೆ. ಮಧ್ಯದಿಂದ ಒಂದು ಕಥೆ ಎತ್ತಿದರೆ ಆ ಜಾಗಕ್ಕೆ ಅಷ್ಟೇ ಪುಟಗಳ ಇನ್ನೊಂದು ಬರಬೇಕು, ಇಲ್ಲದಿದ್ದರೆ ಮುಂದಿನ ಎಲ್ಲ ಲೆಕ್ಕವೂ ತಪ್ಪುತ್ತದೆ. ನಾನು ಬದಿಗಿಟ್ಟಿದ್ದ ಕಥೆಗಳಲ್ಲಿ ರೈಲ್ವೆ ಕ್ವಾರ್ಟರ್ಸಿನದೊಂದಿತ್ತು. ಗೋಡೆಯಾಚೆಯ ಖಾಲಿ ಮನೆಯಲ್ಲಿ ದಿನಾ ಯಾರೋ ಮಗುವಿಗೆ ಮಗ್ಗಿ ಹೇಳಿಕೊಡುತ್ತಾರೆ. ಒಂದು ದಿನ ಈ ಮನೆಯ ಕೂಸು, ಇನ್ನೂ ಮಾತು ಬಾರದ್ದು, ಮುಂದಿನ ಸಾಲು ಹೇಳುತ್ತದೆ. ಪರವಾಗಿಲ್ಲ ಎನ್ನುವಂಥ ಕಥೆ. ಮೈ ಇಳಿಸಿ ಇಳಿಸಿ, ಬಾವಿಯ ಕಥೆ ಮೊದಲಿದ್ದಷ್ಟೇ ಪುಟಕ್ಕೆ ತಂದೆ. ಪ್ರಕಾಶಕರು ಕಚೇರಿಯಲ್ಲಿಲ್ಲದ ಹೊತ್ತಿನಲ್ಲಿ ಡಿಟಿಪಿಯ ಹೆಂಗಸು ಒಂದು ಮಾತೂ ಕೇಳದೆ ಟೈಪ್ ಮಾಡಿಕೊಟ್ಟರು. ಹೊಸ ಬಟರ್ ಪೇಪರ್, ಹೊಸ ಪ್ಲೇಟ್. ಎಲ್ಲ ಸಾಲುಗಳೂ ಮತ್ತೆ ತಮ್ಮ ತಮ್ಮ ಪುಟಕ್ಕೆ ಬಂದು ಕೂತವು.

ಮತ್ತೆ ಬಳಸಲಾಗದಂತೆ ಹಳೇ ಪ್ಲೇಟುಗಳ ಮೇಲೆ ಒಂದೊಂದು ಗೀರು ಹಾಕಿಬಿಡಿ ಎಂದು ಪ್ರೆಸ್ಸಿನವರನ್ನು ಕೇಳಿಕೊಂಡೆ.

"ಅದು ಸೇಠ್‌ದು ಮೇಡಂ. ನಾನ್ ಮುಟ್ಟಲ್ಲ," ಎಂದು ಅವನ್ನು ಕಾಗದದಲ್ಲಿ ಸುತ್ತಿ ಅಟ್ಟದ ಮೇಲಿಟ್ಟರು. ಅವರ ಮಾತು ಸರಿಯೇ ಇತ್ತು.

ಪ್ರಕಾಶಕರು ನನ್ನ ಚೀಟಿ ನೋಡಿ ಕೂಗಾಡುತ್ತಾರೆಂದುಕೊಂಡಿದ್ದೆ. ಓದಿ ಜೇಬಿಗೆ ಹಾಕಿಕೊಂಡರು. "ಇಷ್ಟ್ ವರ್ಷ ನಿಮ್ಮನ್ನ ಮನೆಯವರ ಥರ ನೋಡ್ಕೊಂಡೆ. ನಾಳೆಯಿಂದ ಬರ್ಬೇಡಿ," ಎಂದರು. ನನ್ನ ಡಬ್ಬಿ, ಕೊಡೆ, ನಿಘಂಟು ತೆಗೆದುಕೊಂಡು ಮೆಟ್ಟಿಲಿಳಿದೆ.

ಪುಸ್ತಕ ಬಂತು. ಚೆನ್ನಾಗಿ ಹೋಯಿತು. ಸಂಪಾದಕಿಯೆಂದು ನನ್ನ ಹೆಸರಿರಲಿಲ್ಲ. ಬಸ್ಸಿನಲ್ಲಿ ಒಬ್ಬ ಹುಡುಗಿ ಅದನ್ನು ಓದುತ್ತಾ ಹಾಳೆ ಮಗುಚಿ ಸಣ್ಣಗೆ ಬೆಚ್ಚಿದ್ದನ್ನು ನೋಡಿದೆ. ಆಗ ಇಂದಿರಾನಗರದ ಒಂದು ಕಡೆ ಶಾಲಾ ಗೈಡುಗಳ ಕರಡು ತಿದ್ದುವ ಕೆಲಸ ಸಿಕ್ಕಿತ್ತು. ಶಿಕ್ಷಕಿಯ ಕಥೆಯನ್ನು ಅವರ ಕೊನೆಯ ಸಮೇತ ನಾನೇ ಒಂದು ವಾರಪತ್ರಿಕೆಗೆ ಕಳಿಸಿದೆ. ವಿಶೇಷಾಂಕಕ್ಕೆ ತೆಗೆದುಕೊಂಡಿದ್ದೇವೆ ಎಂದು ಉತ್ತರ ಬಂತು. ಅವರಿಗೆ ಫೋನ್ ಮಾಡಿ ಹೇಳಿದಾಗ ಅವರು ನಕ್ಕಿದ್ದು ಕೇಳಿಸಿತು. ಅದೊಂದೇ ಸಲ.

ಕೆಲವು ತಿಂಗಳಾದ ಮೇಲೆ ಪತ್ರಿಕೆಯವರು ಕಥೆಯನ್ನು ವಾಪಸ್ ಕಳಿಸಿದರು. ಇದು ಇದೇ ಲೇಖಕಿಯ ಹೆಸರಿನಲ್ಲಿ, ಇದಕ್ಕಿಂತ ಉತ್ತಮವಾದ ಮುಕ್ತಾಯದೊಂದಿಗೆ, ಆಗಲೇ ಪುಸ್ತಕದಲ್ಲಿ ಬಂದಿದೆ. ಪ್ರಕಟವಾದದ್ದನ್ನು ಮತ್ತೆ ಕಳಿಸಬಾರದು ಎಂಬ ಟಿಪ್ಪಣಿ. ನಾನು ನೇರ ಬಸ್ ನಿಲ್ದಾಣದ ಅಂಗಡಿಗೆ ಹೋದೆ. ಸಂಕಲನದ ಎರಡನೇ ಮುದ್ರಣ ಬಂದಿತ್ತು. ಮಗ್ಗಿಯ ಕಥೆ ಇರಲಿಲ್ಲ. ಅದರ ಜಾಗದಲ್ಲಿ ಬಾವಿಯ ಕಥೆ, ಒದ್ದೆ ಕೂದಲು, ಕೈ, ಮುದುಕ, ಅಳುವ ಗಂಡ. ರಕ್ಷಾಪುಟದ ಮೇಲೂ ಈ ಸಲ ಬಾವಿಯ ಚಿತ್ರವೇ. ಒಳಗಿನ ಸಾಲುಗಳೆಲ್ಲ ಮತ್ತೆ ಒಂದು ಪುಟ ಜಾರಿದ್ದವು.

ಪ್ರಕಾಶಕರಿಗೆ ಇಬ್ಬರೂ ಬರೆದೆವು. ಉತ್ತರವಿಲ್ಲ. ವಕೀಲರೊಬ್ಬರನ್ನು ಕಂಡೆವು. "ಹೆಸರು ಹಾಕಿದಾರಲ್ಲಮ್ಮ, ಇನ್ನೇನ್ ಬೇಕು? ಹೆಸರು ಬಿಟ್ಟಿದ್ರೆ ಕೇಸ್ ಹಾಕ್ಬಹುದಿತ್ತು," ಎಂದರು. ಹೆಸರು ಹಾಕಿದ್ದೇ ನಮ್ಮ ತಕರಾರು ಎಂದು ಅವರಿಗೆ ತಿಳಿಸಲು ನಮ್ಮಿಂದ ಆಗಲಿಲ್ಲ.

ಅದೇ ದಿನಗಳಲ್ಲಿ ಕೆ.ಆರ್. ಪುರದಲ್ಲಿ ಶಿಕ್ಷಕಿಯ ಚಿಕ್ಕಪ್ಪನ ಹೊಸ ಮನೆಯ ಗೃಹಪ್ರವೇಶವಾಯಿತು. ಅಲ್ಲಿ ನಡೆದದ್ದನ್ನು ಅವರು ನನಗೆ ಮುಂದಿನ ಭಾನುವಾರ, ತಮ್ಮ ಮನೆಯಲ್ಲಿ ಕೂತು ಹೇಳಿದರು.

ಭಾವನೂ ತಾಯಿಯನ್ನು ಕರೆದುಕೊಂಡು ಬಂದಿದ್ದ. ಒಂದೇ ಬಳಗ, ಕರೆಯದೆ ಬಿಡುವಂತಿಲ್ಲ. ಹೋಮ ಮುಗಿದು ಎಲ್ಲರೂ ನಡುಮನೆಯಲ್ಲಿ ಕೂತಿದ್ದಾಗ ಅವನು ಶಿಕ್ಷಕಿಯ ಹತ್ತಿರ ಬಂದು, ಎಲ್ಲರಿಗೂ ಕೇಳುವ ಹಾಗೆ, ಪ್ರೀತಿಯಿಂದಲೇ ಮಾತಾಡಿದನಂತೆ.

"ಪುಸ್ತಕ ಓದ್ಸಿ ಕೇಳ್ದೆ ಕಣಮ್ಮ. ಚೆನ್ನಾಗ್ ಬರ್ದಿದೀಯ. ಇಷ್ಟ್ ವರ್ಷ ನನ್ ಮೇಲೆ ಕೋಪ ಇಟ್ಕೊಂಡಿದ್ದೆ. ಕೊನೆಗೂ ನಿಂಗೂ ಅರ್ಥ ಆಯ್ತಲ್ಲ, ಅಷ್ಟ್ ಸಾಕು ನಂಗೆ."

ಅವನ ಕಣ್ಣಲ್ಲಿ ನೀರಿತ್ತಂತೆ. ಸುತ್ತ ಕೂತವರು ತಲೆದೂಗಿದರು. ಯಾರೋ ಒಬ್ಬರು, ಪಾಪ, ಎಂದರು.

ಶಿಕ್ಷಕಿ ಎದ್ದು ನಿಂತರು. "ಬಾವೀಲಿ ಏನೂ ಇರ್ಲಿಲ್ಲ ಭಾವ," ಎಂದರು. "ಮನೇಲಿ ನೀವಿದ್ರಿ."

ಯಾರೂ ಜಗಳಕ್ಕೆ ಬರಲಿಲ್ಲ. ಯಾರೂ ಬೈಯಲೂ ಇಲ್ಲ. ಗೋಡೆಗೊರಗಿ ಕೂತಿದ್ದ ಭಾವನ ತಾಯಿ ಅವರ ಮುಖವನ್ನೇ ನೋಡುತ್ತಾ, "ಅಯ್ಯೋ, ಇವಳ ಕಣ್ ನೋಡ್ರೇ," ಎಂದಳು. "ಅವಳೂ ಹಿಂಗೇ ಮಾತಾಡೋಳು. ಇವಳ್ಗೂ ಮೆಟ್ಕೊಂಡೈತೆ."

ಹೆಂಗಸರು ಮಕ್ಕಳನ್ನು ಹತ್ತಿರಕ್ಕೆ ಎಳೆದುಕೊಂಡರು. ಚಿಕ್ಕಮ್ಮ ನಿಂಬೆಹಣ್ಣು, ವಿಭೂತಿ ಹುಡುಕಿಕೊಂಡು ದೇವರ ಮನೆಗೆ ಓಡಿದಳು. ಗಂಡ ಬಂದು ಶಿಕ್ಷಕಿಯ ತೋಳು ಹಿಡಿದುಕೊಂಡರು. ತನ್ನ ಪರವಾಗಿ ಬಂದು ನಿಂತರೆಂದು ಶಿಕ್ಷಕಿಗೆ ಒಂದು ಗಳಿಗೆ ಅನಿಸಿತಂತೆ. ಗಂಡ ಭಾವನ ಕಡೆ ತಿರುಗಿ, "ಕ್ಷಮಿಸಿ, ಇತ್ತೀಚೆಗೆ ಇವಳಿಗೆ ಹುಷಾರಿಲ್ಲ," ಎಂದರು.

"ಆಮೇಲೆ?" ಎಂದೆ.

"ಆಮೇಲೇನು ಮೇಡಂ. ಚಿಕ್ಕಮ್ಮ ವಿಭೂತಿ ಹಚ್ಚಿದ್ರು, ಹಚ್ಚಿಸ್ಕೊಂಡೆ. ನಿಂಬೆಹಣ್ಣು ನಿವಾಳಿಸಿದ್ರು, ಸುಮ್ನೆ ನಿಂತ್ಕೊಂಡೆ. ಇನ್ನೊಂದ್ ಮಾತಾಡಿದ್ದಿದ್ರೆ ಕಟ್ಹಾಕ್ತಿದ್ರು." ದನಿ ತಗ್ಗಿಸಿದರು. "ಅಕ್ಕನ್ನೂ ಹಂಗೇ ಕಟ್ಹಾಕಿದ್ರು. ನಾವು ನೋಡೋಕ್ ಹೋದಾಗ ಬಾವಿ ಪಕ್ಕದ ಮರಕ್ಕೆ ಕಟ್ಟಿದ್ರು. ಅಪ್ಪ ನೋಡಿ, ಬೇಗ ವಾಸಿ ಆಗ್ಲಿ ಅಂತ ಅವಳ ಹಣೆಗೆ ಕುಂಕುಮ ಇಟ್ಟು ಬಂದ. ನಾನೂ ಜೊತೇಲಿದ್ದೆ."

ಇದನ್ನು ಕಥೆಯಲ್ಲಿ ಅವರು ಬರೆದಿರಲಿಲ್ಲ, ಮೊದಲ ಭೇಟಿಯಲ್ಲಿ ನನಗೆ ಹೇಳಿರಲೂ ಇಲ್ಲ. ನಾನು ಏನಾದರೂ ಹೇಳುವ ಮೊದಲೇ ಅಡುಗೆಮನೆಯಿಂದ ಅವರ ಗಂಡ ತಟ್ಟೆಯಲ್ಲಿ ಟೀ ಹಿಡಿದು ಬಂದರು. ಗಂಡನನ್ನು ಕಂಡ ಕೂಡಲೇ ಶಿಕ್ಷಕಿ ನೆಟ್ಟಗೆ ಕೂತು, ಸೆರಗು ಸರಿಮಾಡಿಕೊಂಡು, ಈ ವರ್ಷ ಏಳನೇ ಕ್ಲಾಸಿನ ಪರೀಕ್ಷೆ ಬೇಗ ಇದೆಯಂತೆ ಎಂದು ಬೇರೆ ಮಾತು ತೆಗೆದರು.